ಹುಣಸೆ ಸಾಲಿನ ಆಮೀನ್

ಜಕಾರ್ತಾ
9 ಆಗಸ್ಟ್ 1994

ಅಕ್ಕ,

ಇಷ್ಟು ದಿನ ಒಂದು ಸಾಲೂ ಗೀಚದವನಿಗೆ ಇದ್ದಕ್ಕಿದ್ದಂತೆ ಅಕ್ಕನ ನೆನಪು ಯಾಕೆ ಬಂತು ಎಂದು ನೀನು ಭಾವನ ಮುಂದೆ ಮೂಗು ಮುರಿಯುತ್ತಿರುತ್ತೀಯ. ಮುರಿ, ಪರವಾಗಿಲ್ಲ. ದಿನವಿಡೀ ಕಟ್ಟಡಗಳ ನಕ್ಷೆ ಬರೆಯುವ ಕೈಗೆ ಸಂಜೆಯಾದರೆ ಪೆನ್ನು ಹಿಡಿಯಲೂ ಬೇಸರ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಹೆಂಡತಿಯೂ ಈಗ ನಿನ್ನ ಹಾಗೆಯೇ ಬೈಯುವುದನ್ನು ಕಲಿತಿದ್ದಾಳೆ.

ನಿನ್ನೆ ಆಫೀಸಿನಿಂದ ಬರುವಾಗ ಎಲ್ಲಾದರೂ ಸ್ವಲ್ಪ ಹೊತ್ತು ಸುಮ್ಮನೆ ಕೂರೋಣ ಅನ್ನಿಸಿತು. ಈ ಮಹಾನಗರದಲ್ಲಿ ಅಂಥ ಒಂದು ಜಾಗ ಸಿಗಲಿಲ್ಲ, ನೋಡು. ಆಗ ನಮ್ಮ ವಾನಸಾರಿಯ ಅಲುನ್-ಅಲುನ್ ಮೈದಾನ ಕಣ್ಣಿಗೆ ಕಟ್ಟಿತು. ಅಕ್ಕ, ಅಲ್ಲಿ ಈಗ ಸಂಜೆ ಯಾರು ಯಾರು ಎಲ್ಲೆಲ್ಲಿ ಕೂರುತ್ತಾರೆ? ಯಾವ ಮಗ್ಗುಲಿಗೆ ಬಿಸಿಲು ಹೊಡೆಯುತ್ತದೆ, ಯಾವ ಮಗ್ಗುಲಿಗೆ ಗಾಳಿ ಬೀಸುತ್ತದೆ? ಎಲ್ಲ ಬಿಡಿಸಿ ಬರೆ. ಓದುತ್ತ ಅಲ್ಲೇ ಕೂತ ಹಾಗಾಗಲಿ.

ನಿನ್ನ ತಮ್ಮ,
ಕುಂಚೋರೋ


ವಾನಸಾರಿ
21 ಆಗಸ್ಟ್ 1994

ಕುಂಚೋರೋ,

ನಿನ್ನ ಪತ್ರ ಬಂದ ದಿನ ನಿನ್ನ ಭಾವ ಕೈಯಲ್ಲಿದ್ದ ರೇಡಿಯೋ ಕೆಳಗಿಟ್ಟು, "ಏನಂತೆ, ದುಡ್ಡು ಬೇಕಂತಾ?" ಎಂದರು. ಇಲ್ಲ, ಊರು ಬೇಕಂತೆ ಎಂದೆ. ರಿಪೇರಿಗೆ ಬಂದ ರೇಡಿಯೋಗಳ ನಡುವೆ ಕೂತು ಅವರು ನಕ್ಕಿದ್ದು ಎಷ್ಟೋ ದಿನಗಳ ಮೇಲೆ.

ನನಗೆ ಈ ತಿಂಗಳು ಉಸಿರಾಡಲು ಪುರಸೊತ್ತಿಲ್ಲ. ಮದುವೆಗಳ ಮೇಲೆ ಮದುವೆ. ಮದುಮಗಳನ್ನು ಸಿಂಗರಿಸಿ ಹಣೆಗೆ ಕಪ್ಪು ಬರೆಯುವ ಮುಂಚಿನ ದಿನ ಉಪವಾಸ ಇರಬೇಕು ಎಂದು ಅಮ್ಮ ಕಲಿಸಿದ್ದನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ನಾನು ತೆಳ್ಳಗಾಗುತ್ತಿದ್ದೇನೆ, ಮದುಮಕ್ಕಳೆಲ್ಲ ದಪ್ಪಗಾಗುತ್ತಿದ್ದಾರೆ. "ಮುರ್ದಿನಿಂಗ್ ಕೈ ಮುಟ್ಟಿದ ಹುಡುಗಿ ಗಂಡನ ಮನೇಲಿ ಕಣ್ಣೀರು ಹಾಕಲ್ಲ" ಎಂದು ಜನ ಹೇಳುವುದನ್ನು ಕೇಳಿದಾಗ ಸುಳ್ಳು ಎಂದು ಗೊತ್ತಿದ್ದರೂ ಹಿತವಾಗುತ್ತದೆ.

ಮೈದಾನದ ಬಗ್ಗೆ ಕೇಳಿದೆಯಲ್ಲ. ಬಡಗಲಲ್ಲಿ ಸರ್ಕಾರಿ ಕಚೇರಿ. ಅಲ್ಲಿ ಕೂರುವವರು ಪೊಲೀಸರು, ಇಲ್ಲವೇ ಪೊಲೀಸರಿಗಾಗಿ ಕಾಯುವವರು. ಮೂಡಲಲ್ಲಿ ಅಂಗಡಿ ಸಾಲು, ವ್ಯಾನುಗಳ ಹೊಗೆ. ಕೂತರೆ ಮೂಗು ಮುಚ್ಚಬೇಕು. ಪಡುವಲಲ್ಲಿ ಮಸೀದಿ, ಅಲ್ಲಿ ಬಾಯಿ ಮುಚ್ಚಬೇಕು. ನಡುವಿನ ಎರಡು ಆಲದ ಮರಗಳ ಕೆಳಗೆ ದೆವ್ವಗಳೂ ಕಾಲೇಜು ಹುಡುಗ ಹುಡುಗಿಯರೂ ಒಟ್ಟಿಗೆ ಇದ್ದಾರೆ, ಜಗಳವಿಲ್ಲ.

ಉಳಿದದ್ದು ತೆಂಕಣ ಮಗ್ಗುಲು, ನಮ್ಮ ಬೀದಿಯ ಎದುರಿನ ಹುಣಸೆ ಸಾಲು. ಮಧ್ಯಾಹ್ನ ಇಳಿಯುತ್ತಿದ್ದಂತೆ ನೆರಳು ರಸ್ತೆಯವರೆಗೂ ಬರುತ್ತದೆ. ಹೊಳೆಯ ಕಡೆಯ ಗಾಳಿ ಬರುವುದೂ ಅಲ್ಲಿಗೇ. ಸಂಜೆ ನಮಾಜು ಮುಗಿದ ಮೇಲೆ ಹೆಂಗಸರೆಲ್ಲ ಚಾಪೆ ಸುತ್ತಿಕೊಂಡು ಬರುತ್ತೇವೆ. ಪೈನೆಮಕ್ಕ ಹೆಗಲ ಮೇಲಿನ ಅಡ್ಡೆ ಇಳಿಸಿ ಒಲೆ ಊದಿ ಶುಂಠಿ ಕಷಾಯ ಕಾಯಿಸಿ ಮಾರುತ್ತಾಳೆ. ಕುಡಿದವರೂ ಕೂರುತ್ತಾರೆ, ಕುಡಿಯದವರೂ ಕೂರುತ್ತಾರೆ. ಅತ್ತೆಯ ಮುಂದೆ ತುಟಿ ಬಿಚ್ಚದ ಸೊಸೆಯಂದಿರು ಅಲ್ಲಿ ಬಾಯ್ತುಂಬ ಮಾತಾಡುತ್ತಾರೆ. ಅತ್ತೆಯರು ನಾಲ್ಕು ಮರ ಆಚೆ ಕೂತು ಕೇಳಿಸದವರಂತೆ ನಟಿಸುತ್ತಾರೆ. ನನಗೆ ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗಲಿಲ್ಲ ಎಂದು ನಾನು ಮೊದಲು ಅತ್ತದ್ದು ಅಲ್ಲೇ. ಅಪ್ಪ ಸಾಯುವ ಹಿಂದಿನ ವಾರದವರೆಗೂ ಮೂರನೇ ಮರದ ಬೇರಿನ ಮೇಲೆ ಕೂರುತ್ತಿದ್ದದ್ದೂ ಅಲ್ಲೇ.

ಇಷ್ಟು ಸಾಕಾ? ಕಣ್ಣಲ್ಲಿ ನೀರು ಬಂದರೆ ನನ್ನನ್ನು ಬೈಯಬೇಡ.

ಅಕ್ಕ


ಜಕಾರ್ತಾ
3 ಸೆಪ್ಟೆಂಬರ್ 1994

ಅಕ್ಕ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದರೆ ಮಡಿಕೆಯಲ್ಲಿ ಹರಿಯಿತು. ಆಫೀಸಿನಲ್ಲಿ ನಮ್ಮ ಯಜಮಾನರಿಗೂ ಓದಿ ಹೇಳಿದೆ. "ನಿಮ್ಮ ಅಕ್ಕ ನಮ್ಮಲ್ಲಿ ಕೆಲ್ಸಕ್ಕೆ ಸೇರ್ತಾರಾ ಕೇಳಿ" ಎಂದರು. ಹುಷಾರು, ಎಳೆದುಕೊಂಡು ಬಂದುಬಿಡುತ್ತೇವೆ.

ನನಗೊಂದು ಯೋಚನೆ ಬಂದಿದೆ. ಅಕ್ಟೋಬರಿನಲ್ಲಿ ಅಪ್ಪ ತೀರಿಕೊಂಡ ಸಾವಿರದ ದಿನದ ಊಟ ಬರುತ್ತದಲ್ಲ. ನಮ್ಮ ಮನೆಯ ಹಜಾರದಲ್ಲಿ ಜನ ಮೊಣಕಾಲು ಮೊಣಕಾಲು ತಾಗಿಸಿ ಕೂರಬೇಕು. ಅದರ ಬದಲು ಆ ಹುಣಸೆ ಸಾಲಿನ ಕೆಳಗೇ ಚಾಪೆ ಹಾಸಿದರೆ ಹೇಗೆ? ಅಪ್ಪ ಮೇಷ್ಟ್ರಾಗಿ ಅರ್ಧ ಊರಿಗೆ ಅಕ್ಷರ ಕಲಿಸಿದವರು. ಮೈದಾನದ ನಾಲ್ಕು ಮಗ್ಗುಲಿನ ಕೇರಿಗಳ ಮುಖ್ಯಸ್ಥರನ್ನೂ ಕರೆಯೋಣ, ಮನೆಮನೆಯ ಗಂಡಸರನ್ನೂ ಕರೆಯೋಣ. ಖರ್ಚಿನ ಯೋಚನೆ ನಿನಗೆ ಬೇಡ. ಅಲ್ಲಿನ ನಗರಾಡಳಿತದ ಕಚೇರಿಯಿಂದಲೂ ಇಬ್ಬರು ಬರುತ್ತಾರೆ. ಅಪ್ಪನ ಹಳೆಯ ವಿದ್ಯಾರ್ಥಿಗಳಂತೆ.

ಊಟಕ್ಕೆ ಮುಂಚೆ ಓದುವ ಸಂಕಲ್ಪದ ಮಾತನ್ನು ನಾನೇ ಬರೆದು ತರುತ್ತೇನೆ. ನಮ್ಮ ಕೇರಿಯ ಮುಖ್ಯಸ್ಥ ಪಾಕ್ ಸಸ್ತ್ರೋ ಓದಲಿ, ಅವರ ದನಿ ಚೆನ್ನಾಗಿದೆ. ಕರೆಯುವ ಕೆಲಸ ಮಾತ್ರ ನಿನ್ನದು. ನೀನು ಹೋಗಿ ಕರೆದರೆ ಯಾರೂ ತಪ್ಪಿಸುವುದಿಲ್ಲ.

ಕುಂಚೋರೋ


ವಾನಸಾರಿ
14 ಸೆಪ್ಟೆಂಬರ್ 1994

ತಮ್ಮ,

ನಿನಗೆ ಇಷ್ಟು ಬುದ್ಧಿ ಇದೆ ಎಂದು ಅಪ್ಪನಿಗೆ ಗೊತ್ತಿದ್ದರೆ ಗಣಿತದಲ್ಲಿ ಅಷ್ಟು ಹೊಡೆಯುತ್ತಿರಲಿಲ್ಲ. ಪತ್ರ ಓದಿ ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡೆ. ಮೂರನೇ ದಿನ, ಏಳನೇ ದಿನ, ನೂರನೇ ದಿನ ಎಲ್ಲ ನಾನೊಬ್ಬಳೇ ಮಾಡಿದೆ. ನಿನಗೆ ರಜೆ ಸಿಗಲಿಲ್ಲ. ಆಗ ಬೇಜಾರಾಗಿತ್ತು, ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಯಾಕೆಂದರೆ ಈಗ ಇಲ್ಲ.

ಸಾವಿರದ ದಿನ ಎಂದರೆ ಕೊನೆಯದು. ಅದಾದ ಮೇಲೆ ಸಮಾಧಿಗೆ ಕಲ್ಲು ಇಡುತ್ತೇವೆ. ಆಮೇಲೆ ಅಪ್ಪನ ಹೆಸರಿನಲ್ಲಿ ಜನರನ್ನು ಕರೆದು ಕೂರಿಸುವ ಊಟ ಇನ್ನೊಂದಿಲ್ಲ. ಅದಕ್ಕೇ ಒಂದು ಕೊರತೆಯೂ ಆಗಬಾರದು. ನಾನೇ ಮನೆಮನೆಗೆ ಹೋಗುತ್ತೇನೆ. ತೆಂಗಿನಹಾಲಿನ ಅನ್ನ, ಇಡೀ ಕೋಳಿ, ಅಕ್ಕಿಹಿಟ್ಟಿನ ಅಪೆಮ್, ಬೆಲ್ಲದ ಪಾನಕದಲ್ಲಿ ಬಾಳೆಹಣ್ಣು. ಬಂದವರು ಮನೆಗೆ ಒಯ್ಯಲು ತುಂಬಿಕೊಡುವ ಬಿದಿರ ಬುಟ್ಟಿಗಳಿಗೆ ಹೇಳಿಯಾಯಿತು. ಪೈನೆಮಕ್ಕ ಅವತ್ತು ಕಷಾಯಕ್ಕೆ ಕಾಸು ಮುಟ್ಟುವುದಿಲ್ಲವಂತೆ. "ಮೇಷ್ಟ್ರು ನನ್ನ ಮಗಳಿಗೆ ಪುಕ್ಕಟೆ ಓದು ಹೇಳ್ಕೊಟ್ರು. ಕಷಾಯಕ್ಕೆ ದುಡ್ಡು ಇಸ್ಕೊಂಡ್ರೆ ನನ್ನ ಕೈ ಬಿದ್ದೋಗುತ್ತೆ" ಎಂದಳು.

ಆ ನಗರದ ಕಚೇರಿಯವರು ಯಾವ ವರ್ಷದ ವಿದ್ಯಾರ್ಥಿಗಳು? ಹೆಸರು ಬರೆ. ಅಪ್ಪನ ಹಳೆಯ ಫೋಟೋಗಳಲ್ಲಿ ಹುಡುಕುತ್ತೇನೆ.

ಅಕ್ಕ


ವಾನಸಾರಿ
16 ಅಕ್ಟೋಬರ್ 1994

ತಮ್ಮ,

ನೀನು ಬೆಳಗಿನ ರೈಲಿಗೆ ಓಡಿಬಿಟ್ಟೆ. ನೆಟ್ಟಗೆ ಮಾತಾಡಲೂ ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಗುರುವಾರ ಸಂಜೆ ಗಂಡಸರೆಲ್ಲ ಮೈದಾನದಲ್ಲಿ, ನಾವು ಹೆಂಗಸರೆಲ್ಲ ರಸ್ತೆಯ ಈಚೆ ನಮ್ಮ ಅಡುಗೆಮನೆಯಲ್ಲಿ. ಕೋಳಿ ಕತ್ತರಿಸುವ ಗಲಾಟೆಯಲ್ಲಿ ಪಾಕ್ ಸಸ್ತ್ರೋ ಓದಿದ ಸಂಕಲ್ಪ ನಮಗೆ ಸರಿಯಾಗಿ ಕೇಳಿಸಲಿಲ್ಲ. ಅಪ್ಪನ ಹೆಸರು ಮಾತ್ರ ಕೇಳಿಸಿತು. ಹಿಂದೆಯೇ "ಆಮೀನ್". ಸೌಟು ಕೈಯಲ್ಲೇ ನಿಂತಿತು. ಇಷ್ಟು ಜನ ಒಟ್ಟಿಗೆ ಅಪ್ಪನಿಗೆ ಒಳ್ಳೆಯದು ಬೇಡಿದ್ದನ್ನು ನಾನು ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಆಮೀನ್, ಇನ್ನೂ ಜೋರಾಗಿ. ಅದು ಯಾವುದಕ್ಕೆ ಎಂದು ಕೇಳಿದೆ. "ಊರಿಗೆ ಒಳ್ಳೇದಾಗ್ಲಿ ಅಂದಿರ್ತಾರೆ ಬಿಡು, ಅನ್ನ ತುಂಬು" ಎಂದಳು ಪೈನೆಮಕ್ಕ. ಇಬ್ಬರೂ ಅಳುತ್ತ ಅನ್ನ ತುಂಬಿದೆವು.

ನಗರದ ಕಚೇರಿಯ ಆ ಇಬ್ಬರು ಫೋಟೋ ಮೇಲೆ ಫೋಟೋ ತೆಗೆದರಂತೆ. ನನಗೂ ಒಂದು ಕಳಿಸಲು ಹೇಳು, ಗೋಡೆಗೆ ಹಾಕುತ್ತೇನೆ. ನಿನ್ನೆ ಸಮಾಧಿಗೆ ಕಲ್ಲು ಇಟ್ಟೆವು. ನಿನ್ನ ಭಾವ ಕಲ್ಲಿನ ಮೇಲೆ ಕೈಯಿಟ್ಟು, "ಮಗ ಕೊನೆಗೂ ಮಗನ ಕೆಲ್ಸ ಮಾಡ್ದ" ಎಂದರು. ಅವರು ಸುಮ್ಮಸುಮ್ಮನೆ ಯಾರನ್ನೂ ಹೊಗಳುವವರಲ್ಲ ಎಂದು ನಿನಗೆ ಗೊತ್ತು.

ನೂರು ವರ್ಷ ಬಾಳು.

ಅಕ್ಕ


ಜಕಾರ್ತಾ
5 ನವೆಂಬರ್ 1994

ಅಕ್ಕ,

ಗಡಿಬಿಡಿಯಲ್ಲಿ ನಾಲ್ಕು ಸಾಲು. ಆಫೀಸಿನಲ್ಲಿ ನನಗೆ ದೊಡ್ಡ ಸ್ಥಾನ ಸಿಕ್ಕಿದೆ. ಈಗ ನನ್ನ ಕೈಕೆಳಗೆ ಆರು ಜನ. ಎಲ್ಲ ಅಪ್ಪನ ಆಶೀರ್ವಾದ. ಫೋಟೋಗಳು ಇನ್ನೂ ಬಂದಿಲ್ಲ. ನಮ್ಮ ಊರಿಗೆ ಒಂದು ಒಳ್ಳೆಯ ಸುದ್ದಿ ಬರುತ್ತಿದೆ, ಈಗಲೇ ಬಾಯಿ ಬಿಡುವುದಿಲ್ಲ. ನೀನು ಹೆಮ್ಮೆ ಪಡುತ್ತೀಯ.

ಕುಂಚೋರೋ


ವಾನಸಾರಿ
11 ಡಿಸೆಂಬರ್ 1994

ಕುಂಚೋರೋ,

ನಮಗೆ ಯಾರೋ ಮೋಸ ಮಾಡಿದ್ದಾರೆ. ನೀನು ತಕ್ಷಣ ಏನಾದರೂ ಮಾಡಬೇಕು.

ಸೋಮವಾರ ಹುಣಸೆ ಸಾಲಿನ ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿದರು. ಚಾಪೆ ಹಿಡಿದು ಹೋದ ನಮ್ಮನ್ನು ಕಾವಲುಗಾರ, "ಆ ಕಡೆ ಹೋಗಿಮ್ಮಾ, ಇಲ್ಲಿ ಕೆಲ್ಸ ಶುರುವಾಗುತ್ತೆ" ಎಂದು ಓಡಿಸಿದ. ಮಾರನೆಯ ದಿನ ದೊಡ್ಡ ಬೋರ್ಡು ಬಂತು. ಅದರಲ್ಲಿ ಬಣ್ಣದ ಚಿತ್ರ: ನಮ್ಮದೇ ಮರಗಳು, ಕೆಳಗೆ ಕೊಡೆಗಳು, ಕೊಡೆಗಳ ಕೆಳಗೆ ಬಿಳಿ ಕುರ್ಚಿಗಳು, ಕುರ್ಚಿಗಳಲ್ಲಿ ನಮ್ಮ ಊರಿನವರಲ್ಲದ ಜನ. ಬಯಲು ಕೆಫೆಗಳಂತೆ. ಒಂದಲ್ಲ, ಸಾಲಾಗಿ ಐದು. ಮೂಡಲ ಕಡೆ ಬೇಡವಂತೆ, ಅಲ್ಲಿ ಹೊಗೆ. ಪಡುವಲ ಕಡೆ ಬೇಡವಂತೆ, ಅಲ್ಲಿ ಮಸೀದಿ. ತೆಂಕಣ ಮಗ್ಗುಲೇ ತಂಪು ಎಂದು ಯಾವನೋ ಪುಣ್ಯಾತ್ಮ ಕಂಡುಹಿಡಿದಿದ್ದಾನೆ. ಇನ್ನು ಮೇಲೆ ಆ ನೆರಳಿನಲ್ಲಿ ಕೂರಬೇಕಾದರೆ ಏನಾದರೂ ಕೊಂಡು ಕುಡಿಯಬೇಕು. ಅಡ್ಡೆ ಹೊತ್ತು ಮಾರುವವರಿಗೆ ಪ್ರವೇಶವಿಲ್ಲ.

ಕೇಳು ಇನ್ನು. ಬೋರ್ಡಿನ ಕೆಳಗೆ ಬರೆದಿದ್ದಾರೆ: ಅಕ್ಟೋಬರ್ 13ರಂದು ಇದೇ ಸ್ಥಳದಲ್ಲಿ ಸುತ್ತಲಿನ ನಿವಾಸಿಗಳೆಲ್ಲ ಕೂಡಿ, ಪ್ರಾರ್ಥನೆಯೊಂದಿಗೆ, ಒಕ್ಕೊರಲಿನಿಂದ ಒಪ್ಪಿಗೆ ಕೊಟ್ಟಿದ್ದಾರೆ. ಜೊತೆಗೆ ಫೋಟೋ. ಅದರಲ್ಲಿ ನಮ್ಮವರೆಲ್ಲ ಕೈ ಚಾಚಿ ಆಮೀನ್ ಹೇಳುತ್ತಿದ್ದಾರೆ. ಮುಂದೆ ನಾನು ಮಾಡಿದ ಅನ್ನ.

ಅಪ್ಪನ ಊಟ ಅದು! ಆ ಇಬ್ಬರು ವಿದ್ಯಾರ್ಥಿಗಳು ಕದ್ದು ಹೀಗೆ ಮಾಡಿದ್ದಾರೆ. ನಿನ್ನ ಕಣ್ಣಿಗೇ ಮಣ್ಣೆರಚಿದ್ದಾರೆ. ನಿನ್ನ ಯಜಮಾನರಿಗೆ ದೊಡ್ಡವರ ಪರಿಚಯ ಇದೆಯಲ್ಲ, ಅವರಿಂದ ಹೇಳಿಸು. ಬೀದಿಯಲ್ಲಿ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಾರೆ. ನನ್ನ ತಮ್ಮ ಬಂದು ಎಲ್ಲ ಸರಿಮಾಡುತ್ತಾನೆ ಎಂದು ಎಲ್ಲರಿಗೂ ಹೇಳಿದ್ದೇನೆ. ಬೇಗ ಬಾ.

ಅಕ್ಕ


ಜಕಾರ್ತಾ
20 ಡಿಸೆಂಬರ್ 1994

ಅಕ್ಕ,

ಸಮಾಧಾನವಾಗಿ ಓದು. ಒಂದು ಲೋಟ ನೀರು ಕುಡಿದು ಓದು.

ಆ ನಕ್ಷೆ ನನ್ನದು.

ಮೊದಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ನಿನಗೆ ಪೂರ್ತಿ ವಿಷಯ ಗೊತ್ತಿಲ್ಲ. ನಗರದ ಕಚೇರಿಯವರಿಗೆ ಮೊದಲು ಇದ್ದ ಯೋಚನೆ ಏನು ಗೊತ್ತೇ? ಅರ್ಧ ಮೈದಾನ ಅಗೆದು ಮೂರು ಅಂತಸ್ತಿನ ಅಂಗಡಿ ಕಟ್ಟಡ. ಹುಣಸೆ ಮರಗಳೆಲ್ಲ ಹೋಗುತ್ತಿದ್ದವು. ಮರ ಕಡಿಯುವುದು ಬೇಡ, ಬಯಲು ಕೆಫೆ ಮಾಡೋಣ, ನೆರಳು ಉಳಿಯುತ್ತದೆ, ಜನ ಕೂರುತ್ತಾರೆ ಎಂದು ವಾದ ಮಾಡಿ ಗೆದ್ದವನು ನಾನು. ನಿನ್ನ ಪತ್ರ ಕೈಯಲ್ಲಿ ಹಿಡಿದುಕೊಂಡೇ ಗೆದ್ದೆ. ಒಂದು ರೀತಿಯಲ್ಲಿ ಆ ಮರಗಳನ್ನು ಉಳಿಸಿದವಳು ನೀನು.

ಒಪ್ಪಿಗೆಯ ವಿಷಯ. ಸಭೆ ಕರೆದಿದ್ದರೆ ಏನಾಗುತ್ತಿತ್ತು ಎಂದು ನಿನಗೂ ಗೊತ್ತು. ಒಬ್ಬ ಕೂಗಾಡುತ್ತಿದ್ದ, ಇನ್ನೊಬ್ಬ ಎದ್ದು ಹೋಗುತ್ತಿದ್ದ, ಆರು ತಿಂಗಳು ಎಳೆಯುತ್ತಿತ್ತು, ಅಷ್ಟರಲ್ಲಿ ಅಂಗಡಿ ಕಟ್ಟಡದವರು ಗೆಲ್ಲುತ್ತಿದ್ದರು. ಸಂಕಲ್ಪದಲ್ಲಿ ನಾನು ಸುಳ್ಳು ಬರೆದಿಲ್ಲ. "ಈ ಹುಣಸೆ ಸಾಲಿನಲ್ಲಿ ನಗರ ಮಾಡಲಿರುವ ಒಳ್ಳೆಯ ಕೆಲಸಕ್ಕೆ ಅಡ್ಡಿ ಬಾರದಿರಲಿ" ಎಂದು ಬರೆದೆ, ಪಾಕ್ ಸಸ್ತ್ರೋ ಓದಿದರು, ಎಲ್ಲರೂ ಆಮೀನ್ ಎಂದರು. ಕೇಳಿಸಿಕೊಂಡೇ ಅಂದರು. ಆ ಇಬ್ಬರು ಅಪ್ಪನ ವಿದ್ಯಾರ್ಥಿಗಳಲ್ಲ, ಅದೊಂದು ನಿಜ.

ಇನ್ನೊಂದು ವಿಷಯ, ಕೇಳಿದರೆ ನಿನ್ನ ಕೋಪ ಇಳಿಯುತ್ತದೆ. ಆ ಸಾಲಿಗೆ ಅಪ್ಪನ ಹೆಸರಿಡಲು ಒಪ್ಪಿಸಿದ್ದೇನೆ. ಹೊಳೆಯುವ ಹಿತ್ತಾಳೆ ಅಕ್ಷರಗಳಲ್ಲಿ, ಮೂರನೇ ಮರದ ಹತ್ತಿರ. ಊರಿನಲ್ಲಿ ಯಾವ ಮೇಷ್ಟ್ರಿಗೆ ಇಂಥ ಗೌರವ ಸಿಕ್ಕಿದೆ ಹೇಳು?

ಕುಂಚೋರೋ


ವಾನಸಾರಿ
8 ಜನವರಿ 1995

ಕುಂಚೋರೋ,

ನಿನ್ನ ಪತ್ರವನ್ನು ನಾನು ಓದಿದೆ, ನಿನ್ನ ಭಾವನ ಕೈಗೆ ಕೊಟ್ಟೆ. ಅವರು ಓದಿ ಮಡಿಚಿ ನನ್ನ ತೊಡೆಯ ಮೇಲಿಟ್ಟರು. ಹಾಡುತ್ತಿದ್ದ ರೇಡಿಯೋಗಳನ್ನೆಲ್ಲ ಒಂದೊಂದಾಗಿ ಆರಿಸಿದರು. ಅವರು ಇವತ್ತಿನವರೆಗೂ ನಿನ್ನ ಹೆಸರೆತ್ತಿಲ್ಲ.

ಮೊದಲು ಪಾಕ್ ಸಸ್ತ್ರೋ ಮನೆಗೆ ಹೋದೆ. ಯಾಕೆ ಓದಿದಿರಿ ಎಂದು ಕೇಳಿದೆ. ಮುದುಕ ನೆಲ ನೋಡುತ್ತ ಹೇಳಿದರು: "ನಿಮ್ಮ ತಮ್ಮ ಬರ್ದು ಕೊಟ್ಟ ಕಾಗ್ದ ತಾಯಿ. ಸತ್ತೋರ ಸಂಕಲ್ಪ ಓದ್ತಾ ಓದ್ತಾ ನಡುವೆ ನಿಲ್ಸಿ, ಇದೇನಪ್ಪಾ ಇದು ಅಂತ ಕೇಳಕ್ಕಾಗುತ್ತಾ? ಕೂತೋರು ತಾನೆ ಏನ್ಮಾಡ್ತಾರೆ? ಮೇಷ್ಟ್ರ ಸಾವಿರದ ದಿನ, ಅನ್ನ ಮುಂದಿದೆ, ಬೇಡ ಅಂತ ಯಾವ ನಾಲಿಗೆ ಹೇಳುತ್ತೆ?"

ಇದು ನಿನಗೆ ಗೊತ್ತಿತ್ತು. ಪರ ಊರಿನ ಯಾವನೇ ಆಗಿದ್ದರೂ ಇದನ್ನು ಯೋಚಿಸಲು ಆಗುತ್ತಿರಲಿಲ್ಲ. ಈ ಕೇರಿಯಲ್ಲಿ ಹುಟ್ಟಿ, ಅಪ್ಪನ ಪಕ್ಕದಲ್ಲಿ ಕೂತು ಬೇರೆಯವರ ಸಂಕಲ್ಪಗಳಿಗೆ ಆಮೀನ್ ಅಂದು ಬೆಳೆದವನಿಗೆ ಮಾತ್ರ ಹೊಳೆಯುವ ಉಪಾಯ ಇದು. ಯಾವ ಊಟದಲ್ಲಿ ಯಾರೂ ಬೇಡ ಎನ್ನುವುದಿಲ್ಲವೋ ಆ ಊಟವನ್ನೇ ಆರಿಸಿದೆ. ಅದೂ ಹೆಂಗಸರು ಕೂರದ ಊಟ. ಆ ಮರದ ಕೆಳಗೆ ದಿನಾ ಕೂರುವವರು ನಾವು. ಒಪ್ಪಿಗೆ ಕೊಡುವ ಹೊತ್ತಿಗೆ ನಾವು ಅಡುಗೆಮನೆಯಲ್ಲಿ ನಿನಗೆ ಕೋಳಿ ಬೇಯಿಸುತ್ತಿದ್ದೆವು.

ಪೈನೆಮಕ್ಕ ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತಳು. "ನಿಮ್ಮಪ್ಪನ ಆತ್ಮಕ್ಕೆ ಅಂತ ನನ್ನ ಗಂಡ ಆಮೀನ್ ಅಂದಿದ್ದು ಕಣೇ. ಕುರ್ಚಿಗಲ್ಲ. ನಿಂಗೆ ಮೊದ್ಲೇ ಗೊತ್ತಿತ್ತಾ?" ಇಲ್ಲ ಎಂದೆ. ನನ್ನ ಮುಖ ನೋಡುತ್ತಲೇ ಇದ್ದಳು. "ಊರಿಗೆ ಒಳ್ಳೇದಾಗ್ಲಿ ಅಂದಿರ್ತಾರೆ ಅಂತ ನಾನೇ ಹೇಳಿದ್ನಲ್ಲೇ," ಎಂದು ಹಣೆ ಚಚ್ಚಿಕೊಂಡು ಹೋದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಈಗ ಅಡ್ಡೆ ಹೊತ್ತು ಬಸ್ ನಿಲ್ದಾಣದ ಹಿಂದೆ ನಿಲ್ಲುತ್ತಾಳೆ. ಅಲ್ಲಿ ನಾವ್ಯಾರೂ ಚಾಪೆ ಹಾಸಲು ಆಗುವುದಿಲ್ಲ. ಸೊಸೆಯಂದಿರೆಲ್ಲ ಸಂಜೆ ಮನೆಯಲ್ಲೇ ಇರುತ್ತಾರೆ.

ಆಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಬಿದಿರ ಬುಟ್ಟಿ. ಯಾವುದೋ ಮನೆಯ ಶುಭಕಾರ್ಯದ ಪ್ರಸಾದ ಅಂದುಕೊಂಡೆ. ಒಳಗೆ ತೆಂಗಿನಹಾಲಿನ ಅನ್ನ, ಒಂದು ತುಂಡು ಕೋಳಿ, ಅಪೆಮ್. ಅಪ್ಪನ ದಿನ ನಾವು ಕಳಿಸಿದ್ದಂತೆಯೇ ಜೋಡಿಸಿದ್ದರು. ನಾನು ಬುಟ್ಟಿ ಹಿಡಿದು ನಿಂತಿದ್ದಾಗಲೇ ಪಕ್ಕದ ಬೀದಿಯ ಹೆಂಗಸು ಇನ್ನೊಂದು ತಂದಿಟ್ಟಳು. ಏನಮ್ಮಾ ಎಂದೆ. "ಉಂಡಿದ್ದು ವಾಪಸ್ ಕೊಡ್ತಿದೀವಿ ಅಕ್ಕ. ಅಂದ ಆಮೀನ್ ವಾಪಸ್ ತಗೊಳ್ಳಕ್ಕಂತೂ ಆಗಲ್ಲ," ಎಂದಳು. ಜಗಳದ ದನಿಯಲ್ಲ, ಮೆತ್ತಗೆ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಜಾಗ ಸಾಲದೆ ಅಂಗಳದವರೆಗೂ ಬುಟ್ಟಿಗಳು. ಬಡವರು, ಕುಂಚೋರೋ. ಸಾಲ ಮಾಡಿ ಕೋಳಿ ತಂದವರೂ ಇದ್ದಾರೆ. ನಿನ್ನ ಭಾವ ಮತ್ತು ನಾನು ಆ ಅನ್ನದ ನಡುವೆ ಸಂಜೆಯವರೆಗೂ ಕೂತಿದ್ದೆವು. ಒಂದು ತುತ್ತೂ ಇಳಿಯಲಿಲ್ಲ.

ಹಿಂದಿನ ಓಣಿಯ ಹುಡುಗಿಯ ಮದುವೆ ಮೊನ್ನೆ ಆಯಿತು. ಆ ಮಗುವಿನ ಕಿವಿ ಚುಚ್ಚಿದ ದಿನವೇ ಅದರ ತಾಯಿ, "ಇವ್ಳ ಮದ್ವೆಗೂ ನೀವೇ ಬರ್ಬೇಕು" ಎಂದಿದ್ದಳು. ನಾನು ಮುಂಚಿನ ದಿನ ಉಪವಾಸ ಹಿಡಿದು, ಕಪ್ಪು ಅರೆದಿಟ್ಟು, ಕರೆಯಲು ಬರುತ್ತಾರೆ ಎಂದು ಒಳ್ಳೆಯ ಬಟ್ಟೆ ಉಟ್ಟು ಕೂತಿದ್ದೆ. ಮೇಳದ ಸದ್ದು ಕೇಳಿಸಿತು. ಬೇರೆ ಊರಿನಿಂದ ಸಿಂಗರಿಸುವವಳನ್ನು ಕರೆಸಿದ್ದರು. ಮೋಸದ ಊಟಕ್ಕೆ ಕರೆದ ಕೈ ಮದುಮಗಳ ಹಣೆ ಮುಟ್ಟುವುದು ಬೇಡ ಎಂದು ಅವರಿಗೆ ಅನ್ನಿಸಿದೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ನೀನು ಮರ ಉಳಿಸಿದೆ ಎನ್ನುತ್ತೀಯ. ಇರಬಹುದು. ಅಂಗಡಿ ಕಟ್ಟಡದ ಮಾತನ್ನು ನನಗೆ ಮೊದಲೇ ಬರೆದಿದ್ದರೆ ನಾನೇ ಮನೆಮನೆಗೆ ಹೋಗಿ ಹೇಳುತ್ತಿದ್ದೆ. ಒಂದೋ ಎರಡೋ ಕೆಫೆ ಆಲದ ಮರದ ಕಡೆ ಇರಲಿ, ಹುಣಸೆ ಸಾಲು ನಮಗಿರಲಿ ಎಂದು ಹೆಂಗಸರೇ ಒಪ್ಪುತ್ತಿದ್ದೆವೇನೋ. ನೀನು ಕೇಳಲಿಲ್ಲ. ಊರಿನ ನೆನಪು ಎಂದು ನಂಬಿಸಿ ನನ್ನಿಂದ ಬರೆಸಿಕೊಂಡೆ. ಗಾಳಿ ಎಲ್ಲಿ ಬರುತ್ತದೆ ಎಂದು ಹೇಳಿದವಳು ನಾನು. ನಾನು ಎಲ್ಲಿ ಅತ್ತೆ ಎಂದೂ ಹೇಳಿದ್ದೆ. ಅದನ್ನೂ ನಿನ್ನ ಯಜಮಾನರಿಗೆ ಓದಿ ಹೇಳಿದೆಯಾ?

ಅಪ್ಪನ ಹೆಸರು ಅಲ್ಲಿ ಬೇಡ. ಇದೊಂದನ್ನಾದರೂ ಮಾಡು.

ಮುರ್ದಿನಿಂಗ್


ಜಕಾರ್ತಾ
25 ಜನವರಿ 1995

ಅಕ್ಕ,

ನೀನು "ಅಕ್ಕ" ಎಂದು ಬರೆಯದೆ ಹೆಸರು ಬರೆದಿದ್ದು ಕರುಳು ಹಿಂಡಿತು. ನಾನು ಅಷ್ಟು ಕೆಟ್ಟವನಲ್ಲ.

ಹಿತ್ತಾಳೆ ಅಕ್ಷರಗಳು ಆಗಲೇ ಎರಕವಾಗಿವೆ. ಆದರೂ ನಿಲ್ಲಿಸಲು ಪ್ರಯತ್ನಿಸುತ್ತೇನೆ. ಪೈನೆಮಕ್ಕನಿಗೆ ಅಲ್ಲಿಯೇ ಒಂದು ಕೆಫೆಯಲ್ಲಿ ಲೋಟ ತೊಳೆಯುವ ಕೆಲಸ ಕೊಡಿಸಲು ಹೇಳಿದ್ದೇನೆ. ಬಿಸಿಲಲ್ಲಿ ಅಡ್ಡೆ ಹೊರುವುದು ತಪ್ಪುತ್ತದೆ. ಜನ ಒಂದು ವರ್ಷದಲ್ಲಿ ಎಲ್ಲ ಮರೆಯುತ್ತಾರೆ. ದೀಪಗಳು ಹತ್ತಿ ಸಂಗೀತ ಶುರುವಾದ ಮೇಲೆ ನೋಡು, ಬುಟ್ಟಿ ತಂದಿಟ್ಟವರೇ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ನಿನ್ನ ಪ್ರಶ್ನೆಗೆ ಉತ್ತರ: ನೀನು ಅತ್ತ ವಿಷಯ ಓದಲಿಲ್ಲ. ಆ ಸಾಲನ್ನು ಬಿಟ್ಟು ಓದಿದೆ.

ಇನ್ನೇನು ಉಪವಾಸದ ತಿಂಗಳು ಬಂತು. ಅದು ಮುಗಿದು ಲೆಬರಾನ್ ಹಬ್ಬಕ್ಕೆ ಹೆಂಡತಿ ಮಕ್ಕಳೊಂದಿಗೆ ಬರುತ್ತೇನೆ, ರೈಲಿನ ಟಿಕೇಟು ತೆಗೆದಾಯಿತು. ಹಬ್ಬದ ಬೆಳಿಗ್ಗೆ ನಿನ್ನ ಮಂಡಿ ಹಿಡಿದು ತಲೆಯಿಟ್ಟು ಕ್ಷಮೆ ಕೇಳುತ್ತೇನೆ. ನೀನು ಎಂದಿನಂತೆ ತಲೆ ನೇವರಿಸಿ, ಹೊರಗೂ ಒಳಗೂ ಕ್ಷಮಿಸಿದೆ ಎನ್ನುತ್ತೀಯ. ಕೆಟ್ಟದ್ದೆಲ್ಲ ಅಲ್ಲಿಗೆ ತೊಳೆದುಹೋಗುತ್ತದೆ. ಹಬ್ಬ ಇರುವುದೇ ಅದಕ್ಕಲ್ಲವೇ?

ನಿನ್ನ ತಮ್ಮ,
ಕುಂಚೋರೋ


ವಾನಸಾರಿ
17 ಫೆಬ್ರವರಿ 1995

ಕುಂಚೋರೋ,

ಉಪವಾಸ ಶುರುವಾಗುವ ಮುಂಚೆ ನಾನು ಮನೆಮನೆಗೆ ಹೋದೆ. ಸೆಪ್ಟೆಂಬರಿನಲ್ಲಿ ಯಾವ ಯಾವ ಮನೆಗೆ ಊಟಕ್ಕೆ ಕರೆಯಲು ಹೋಗಿದ್ದೆನೋ ಆ ಎಲ್ಲ ಮನೆಗೂ ಹೋದೆ. ಕ್ಷಮೆ ಕೇಳಿದೆ. ನನಗಿಂತ ಹಿರಿಯರ ಮಂಡಿ ಹಿಡಿದೆ. ಕಿರಿಯರ ಮುಂದೂ ಮಂಡಿಯೂರಿದೆ. ನಾನೇ ಹಣೆಗೆ ಕಪ್ಪು ಬರೆದು ಮದುವೆ ಮಾಡಿಸಿದ ಹುಡುಗಿಯರ ಮುಂದೆ. ಅವರು ಗಾಬರಿಯಾಗಿ, "ಏಳಿ ಅಕ್ಕ, ಏಳಿ" ಎಂದು ತೋಳು ಹಿಡಿದು ಎಬ್ಬಿಸಿದರು.

ಎಲ್ಲರೂ ಆ ಮಾತು ಹೇಳಿದರು. ಹೊರಗೂ ಒಳಗೂ ಕ್ಷಮಿಸಿದ್ದೇವೆ, ನಮ್ಮದೂ ತಪ್ಪಿದ್ದರೆ ಮನ್ನಿಸಿ. ಒಬ್ಬರೂ ಬಿಡಲಿಲ್ಲ. ಮಂಡಿ ಹಿಡಿದವರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೇಳಿಯಾದ ಮೇಲೆ ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಒಂದು ಲೋಟ ನೀರು ಕೊಡಲಿಲ್ಲ. ನಾನು ಅಂಗಳ ದಾಟುವ ಮೊದಲೇ ಹಿಂದೆ ಬಾಗಿಲು ಮುಚ್ಚಿದ ಸದ್ದು ಕೇಳಿಸುತ್ತಿತ್ತು. ಪೈನೆಮಕ್ಕನ ಬಳಿ ಕೊನೆಗೆ ಹೋದೆ. ನಿನ್ನ ಲೋಟ ತೊಳೆಯುವ ಕೆಲಸದ ಸುದ್ದಿ ಅವಳಿಗೆ ಮುಟ್ಟಿತ್ತು. ಅವಳೂ ಆ ಮಾತು ಹೇಳಿದಳು. ಹೇಳಿ, ಒಲೆಯ ಕಡೆ ತಿರುಗಿ, "ಹೇಳ್ಬೇಕಲ್ಲ, ಹೇಳ್ದೆ ಕಣೇ. ಒಳಗಿಂದು ನನ್ನ ಕೈಲಿಲ್ಲ," ಎಂದಳು. ಅಷ್ಟು ಮನೆಗಳಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಅಲ್ಲೇ ಕೂತು ಅತ್ತೆ. ಅವಳು ತಡೆಯಲಿಲ್ಲ.

ನೀನು ಹಬ್ಬಕ್ಕೆ ಬರಬೇಡ.

ಟಿಕೇಟು ತೆಗೆದಿದ್ದರೆ ಹೆಂಡತಿಯ ತವರಿಗೆ ಹೋಗು. ಮಕ್ಕಳಿಗೆ ಅತ್ತೆಗೆ ಹುಷಾರಿಲ್ಲ ಎಂದು ಹೇಳು. ನೀನು ಬಂದು ಮಂಡಿ ಹಿಡಿದರೆ ನನ್ನ ಕೈ ನಿನ್ನ ತಲೆಯ ಮೇಲೆ ಹೋಗುತ್ತದೆ, ನನ್ನ ಬಾಯಿ ಆ ಮಾತು ಹೇಳುತ್ತದೆ. ನನಗೆ ಗೊತ್ತು. ನಿನಗೂ ಗೊತ್ತು. ಅದಕ್ಕೇ ಇಷ್ಟು ನಿಶ್ಚಿಂತೆಯಿಂದ ಟಿಕೇಟು ತೆಗೆದಿದ್ದೀಯ. ಅನ್ನ ಮುಂದಿಟ್ಟುಕೊಂಡು ಬೇಡ ಎನ್ನಲಾಗದ ಜನರಿಂದ ಆಮೀನ್ ತೆಗೆದುಕೊಂಡೆ. ಈಗ ಇಲ್ಲ ಎನ್ನಲಾಗದ ದಿನ ನೋಡಿಕೊಂಡು ನನ್ನ ಹತ್ತಿರ ಬರುತ್ತಿದ್ದೀಯ.

ನಾನು ಕ್ಷಮಿಸಿಲ್ಲ, ತಮ್ಮ. ಅದನ್ನು ನಿನ್ನ ಮುಖದ ಮುಂದೆ ಹೇಳುವ ಧೈರ್ಯ ನನಗಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೋ.

ಮುರ್ದಿನಿಂಗ್